ಮಕ್ಕಳಾದ ಮೇಲೆ ಗರ್ಭಕೋಶ ಬೇಡವೇ?

ಗರ್ಭಕೋಶ ಇರುವುದು ಮಕ್ಕಳನ್ನು ಹೆರಲಿಕ್ಕೆ, ಹೆತ್ತಾಯಿತಲ್ಲ, ಇನ್ನೇಕೆ ಅದರ ಗೋಜು ಎಂಬ ಮಾತು ನಮ್ಮಲ್ಲಿ ಹಳ್ಳಿ, ಪೇಟೆ ಎರಡೂ ಕಡೆ ಕೇಳಿಬರುತ್ತದೆ. ಹೊಟ್ಟೆನೋವು, ಬಿಳಿಸೆರಗು, ಅತಿಯಾದ ಮುಟ್ಟು ಎಂದು ಆಸ್ಪತ್ರೆಗೆ ಹೋದ ಹೆಣ್ಣುಮಗಳು ಗರ್ಭಕೋಶ ತೆಗೆಸಿಕೊಂಡೇ ಬಂದರೂ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ.

ಈ ಮಾತಿಗೆ ಹಾವೇರಿ ಜಿಲ್ಲೆ ತೆತ್ತ ಬೆಲೆ ದೊಡ್ಡದು. ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ 2010ರಿಂದ 2017ರ ನಡುವೆ 1,500ಕ್ಕೂ ಹೆಚ್ಚು ಮಹಿಳೆಯರ ಗರ್ಭಕೋಶ ತೆಗೆಯಲಾಗಿದೆ, ಅನೇಕರಿಗೆ ಅದರ ಅಗತ್ಯವೇ ಇರಲಿಲ್ಲ ಎಂಬ ದೂರು ಎದ್ದಿತು. ದೂರಿದವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾಗಳ ಬಡ ಹೆಣ್ಣುಮಕ್ಕಳು. 2022ರಲ್ಲಿ ಅವರು ಪರಿಹಾರ ಕೇಳಿ, ಶಿಗ್ಗಾವಿಯಲ್ಲಿದ್ದ ಅಂದಿನ ಮುಖ್ಯಮಂತ್ರಿಗಳ ಮನೆಯತ್ತ ಪಾದಯಾತ್ರೆ ಹೊರಟರು.

ವೈದ್ಯರ ತಪ್ಪೋ ಅಲ್ಲವೋ ಎಂಬುದು ತನಿಖೆಯ ವಿಷಯ. ಸಮಾಜಶಾಸ್ತ್ರ ಕೇಳುವ ಪ್ರಶ್ನೆ ಬೇರೆ: ಹೆಣ್ಣು ಅಷ್ಟು ಸುಲಭವಾಗಿ ಒಪ್ಪುವುದೇಕೆ? ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವವಳಿಗೆ ಎಷ್ಟು ತೂಕವೋ ಅಷ್ಟೇ ಕೂಲಿ. ರಾಣೆಬೆನ್ನೂರು ಸೀಮೆಯ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಹೂ ಅರಳುವ ಕಾಲಕ್ಕೆ ಕೈ ಬಿಡುವಂತಿಲ್ಲ. ಮುಟ್ಟಿನ ನೋವೆಂದು ಮನೆಯಲ್ಲಿ ಉಳಿದರೆ ಅಂದಿನ ದುಡಿಮೆ ಹೋಯಿತು. ಮೇಲೆ ಮೈಲಿಗೆಯ ಕಟ್ಟುಪಾಡು, ಕ್ಯಾನ್ಸರ್ ಆದೀತೆಂಬ ಹೆದರಿಕೆ. ಹೀಗಿರುವಾಗ 'ತೆಗೆದುಬಿಟ್ಟರೆ ಎಲ್ಲ ಸರಿಹೋಗುತ್ತದೆ' ಎಂಬ ಮಾತು ಬಿಡುಗಡೆಯಂತೆಯೇ ಕೇಳಿಸುತ್ತದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ 2019ರಲ್ಲಿ ಬೆಳಕಿಗೆ ಬಂದಾಗಲೂ ಕಂಡದ್ದು ಇದೇ.

ಆದರೆ ಎಲ್ಲವೂ ಸರಿಹೋಗುವುದಿಲ್ಲ. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆದರೆ ಮೂವತ್ತೈದರ ಹೆಣ್ಣಿಗೆ ಒಮ್ಮೆಲೇ ಮುಟ್ಟು ನಿಂತವರ ಸ್ಥಿತಿ ಬರುತ್ತದೆ: ಮೈ ಬಿಸಿಯೇರುವುದು, ನಿದ್ರೆಗೇಡು, ಮೂಳೆ ಸವೆತ, ಮುಂದೆ ಹೃದ್ರೋಗದ ಸಂಭವ. ಅಂಡಾಶಯ ಉಳಿಸಿದರೂ ಕೆಲವರಲ್ಲಿ ಅದು ಬೇಗನೆ ಸೋಲುತ್ತದೆ. ಕೂಲಿಗೆಂದು ತೆಗೆಸಿದವಳಿಗೆ ಬೆನ್ನುನೋವು ಅಂಟಿಕೊಂಡರೆ ಆ ಕೂಲಿಯೂ ಹೋದಂತೆಯೇ!

ಹಾಗೆಂದು ಈ ಶಸ್ತ್ರಚಿಕಿತ್ಸೆಯೇ ಕೆಟ್ಟದ್ದಲ್ಲ. ಕ್ಯಾನ್ಸರ್, ಔಷಧಿಗೆ ಬಗ್ಗದ ರಕ್ತಸ್ರಾವ, ತೊಂದರೆ ಕೊಡುವ ದೊಡ್ಡ ಗಡ್ಡೆ, ಗರ್ಭಕೋಶ ಜಾರಿರುವುದು ಇವೆಲ್ಲ ತಕ್ಕ ಕಾರಣಗಳೇ. ಬಿಳಿಸೆರಗಿಗೆ ಮಾತ್ರ ಬಹುತೇಕ ಮಾತ್ರೆಗಳೇ ಸಾಕು. ಗಂಡನಿಗೂ ಚಿಕಿತ್ಸೆ ಬೇಕಾಗಬಹುದು, ಅವನು ಬರುವುದಿಲ್ಲ, ಅದು ಬೇರೆ ಮಾತು. ಅತಿ ಮುಟ್ಟಿಗೆ ಗುಳಿಗೆಗಳಿವೆ, ಹಾರ್ಮೋನಿನ ವಂಕಿಯೂ ಇದೆ. ಗಡ್ಡೆ ಸಣ್ಣದಿದ್ದು ತೊಂದರೆ ಕೊಡದಿದ್ದರೆ ಸುಮ್ಮನೆ ಗಮನಿಸುತ್ತಿದ್ದರಾಯಿತು. ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಇದೆಯೇ ಎಂಬ ಭಯಕ್ಕೆ ಮದ್ದು ತಪಾಸಣೆ, ಕತ್ತರಿಯಲ್ಲ.

ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಿತು. ಆದರೆ ಆಸ್ಪತ್ರೆಯ ಮೇಜಿನ ಮುಂದೆ ಕೂತಾಗ ಕೇಳಬೇಕಾದವರು ನೀವೇ. ಸ್ಕ್ಯಾನಿಂಗ್‌ನಲ್ಲಿ ಏನು ಕಂಡಿತು? ಔಷಧಿ ಕೊಟ್ಟು ನೋಡಿದ್ದಾಯಿತೇ? ಅಂಡಾಶಯ ಉಳಿಯುತ್ತದೆಯೇ? ತುರ್ತು ಇಲ್ಲದಿದ್ದರೆ ಇನ್ನೊಬ್ಬ ವೈದ್ಯರಿಗೂ ತೋರಿಸಿ. ಕಾಗದಕ್ಕೆ ಸಹಿ ಹಾಕಬೇಕಾದವಳು ಹೆಂಡತಿ. ಗಂಡನೋ ಅತ್ತೆಯೋ ಒಪ್ಪಿದರೆ ಸಾಲದು.

ಈಗಾಗಲೇ ತೆಗೆಸಿಕೊಂಡವರು ಡಿಸ್ಚಾರ್ಜ್ ಚೀಟಿಯನ್ನೂ, ತೆಗೆದ ಅಂಗದ ಪರೀಕ್ಷೆಯ ವರದಿಯನ್ನೂ ಜೋಪಾನ ಮಾಡಿ. ಅಂಡಾಶಯವೂ ಹೋಗಿದೆಯೇ ಎಂಬುದನ್ನು ತಿಳಿದುಕೊಂಡು, ಹೋಗಿದ್ದರೆ ಮೂಳೆಗಳ ಬಗ್ಗೆ ಈಗಲೇ ವೈದ್ಯರನ್ನು ಕಾಣಿ.