ಕಾಡ್ಗಿಚ್ಚಿನೆದುರು ಗುದ್ದಲಿ

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಸೌಧಗಳಿಂದ ಪಶ್ಚಿಮಕ್ಕೆ ಹೊರಟು ಜಿಗಣಿಯ ಕಾರ್ಖಾನೆಗಳನ್ನು ದಾಟಿದರೆ, 1974ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿದ ಬನ್ನೇರುಘಟ್ಟದ ಅರಣ್ಯವು ಎದುರಾಗುತ್ತದೆ. ಸುಗ್ಗಿ ಕಳೆದು ಶಿವರಾತ್ರಿ ಸಮೀಪಿಸಿತೆಂದರೆ ಈ ಎಲೆಯುದುರುವ ಕಾಡಿನ ಹುಲ್ಲೂ ತರಗೂ ಒಣಗಿ ಗರಿಗರಿಯಾಗಿ, ಯಾವನೋ ಆರಿಸದೆ ಎಸೆದ ಬೀಡಿಯ ತುಂಡೊಂದೇ ಗುಡ್ಡವನ್ನು ಸುಡಲು ಸಾಕಾಗುತ್ತದೆ. ಗಣಕಯಂತ್ರಗಳ ಸಾಮ್ರಾಜ್ಯವೇ ಹಬ್ಬಿರುವ ಈ ಸೀಮೆಯಲ್ಲಿ ಆ ಕಿಚ್ಚನ್ನು ಕಟ್ಟಕಡೆಗೆ ತಡೆಯುವ ಉಪಕರಣಗಳು ಯಾವುವೆಂದರೆ, ಗುದ್ದಲಿ, ಮಚ್ಚು, ಕುಡುಗೋಲು, ತರಗು ಬಾಚುವ ಗೋರೆ, ಇವೆಲ್ಲಕ್ಕಿಂತಲೂ ಪುರಾತನವಾದ ಒಂದು ಕಟ್ಟು ಹಸಿ ಸೊಪ್ಪು.

ಅಗ್ನಿಗೆ ಉಷ್ಣ, ವಾಯು, ಇಂಧನ ಮೂರೂ ಬೇಕು. ನೀರಿಲ್ಲದ ಗುಡ್ಡದ ಮೇಲೆ ಮನುಷ್ಯನ ಕೈಗೆಟುಕುವುದು ಇಂಧನವೊಂದೇ. ಆದುದರಿಂದಲೇ ಬೆಂಕಿ ರೇಖೆ, ಎಂದರೆ ಉರಿಯುವುದಕ್ಕೆ ಏನೂ ಉಳಿಯದಂತೆ ತೆರವು ಮಾಡಿದ ನೆಲದ ಪಟ್ಟಿ. ಮೊದಲು ಮಚ್ಚು ಲಂಟಾನದ ಪೊದೆಯನ್ನು ಸವರುತ್ತದೆ, ಕುಡುಗೋಲು ಹುಲ್ಲನ್ನು ಕೊಯ್ಯುತ್ತದೆ, ಗೋರೆ ತರಗನ್ನು ಎಳೆಯುತ್ತದೆ. ಬಳಿಕ ಗುದ್ದಲಿಯ ಸರದಿ. ಹೊಲದಲ್ಲಿ ಅಗೆಯುವಂತೆ ಇಲ್ಲಿ ಅದನ್ನು ಆಳಕ್ಕೆ ಊರುವುದಿಲ್ಲ. ಅಲಗನ್ನು ಓರೆಯಾಗಿಸಿ, ಬರಿಯ ಮಣ್ಣು ಕಾಣುವವರೆಗೆ ಮೇಲ್ಪದರವನ್ನಷ್ಟೆ ಕೆರೆಯುತ್ತಾರೆ. ರೇಖೆಗೆ ಅಡ್ಡಲಾಗಿ ಒಣಬೇರೊಂದು ಉಳಿದರೂ ಕಿಡಿ ಅದರೊಳಗೇ ಹೊಗೆಯಾಡುತ್ತ ಆಚೆ ದಾಟಿಬಿಡುವುದರಿಂದ, ಬೇರು ಕಡಿಯುವುದರಲ್ಲಿ ಉದಾಸೀನ ಸಲ್ಲದು. ಕಿತ್ತ ಹುಲ್ಲನ್ನು ಬೆಂಕಿ ಬರುವ ಮಗ್ಗುಲಿಗೆ ರಾಶಿ ಹಾಕದೆ ಆಚೆಗೆ ಚದುರಿಸಬೇಕು. ಸೊಪ್ಪಿನಿಂದ ಬಡಿಯುವಾಗಲೂ ಕೈಯನ್ನು ಮೇಲೆತ್ತಿ ಬೀಸಿದರೆ ಕಿಡಿ ಹಾರುವುದೇ ಹೆಚ್ಚು. ಒತ್ತಿ ಎಳೆಯುವುದೇ ಸರಿಯಾದ ಕ್ರಮ.

ಕಡಿಯುವ, ಕೆರೆಯುವ ಕೆಲಸಗಳೆರಡನ್ನೂ ಒಂದೇ ಉಪಕರಣಕ್ಕೆ ಸೇರಿಸಿದವರೂ ಉಂಟು. ಅಮೆರಿಕದ ಐಡಾಹೊ, ಮೊಂಟಾನಾ ಪ್ರಾಂತಗಳಲ್ಲಿ 1910ರ ಆಗಸ್ಟಿನಲ್ಲಿ ಸುಮಾರು 30 ಲಕ್ಷ ಎಕರೆ ಅರಣ್ಯವನ್ನು ನುಂಗಿದ ಮಹಾಗ್ನಿಯಲ್ಲಿ, ತನ್ನ ಆಳುಗಳನ್ನು ಗಣಿಯ ಸುರಂಗವೊಂದಕ್ಕೆ ನುಗ್ಗಿಸಿ ಬಹುಮಂದಿಯನ್ನು ಉಳಿಸಿದ ಎಡ್ವರ್ಡ್ ಪುಲಾಸ್ಕಿ ಎಂಬ ಅರಣ್ಯಾಧಿಕಾರಿಯು, ಒಂದು ಕಡೆ ಕೊಡಲಿಯ ಬಾಯಿ, ಇನ್ನೊಂದು ಕಡೆ ನೆಲ ಕೆರೆಯುವ ಅಲಗುಳ್ಳ ಉಪಕರಣವನ್ನು ರೂಪಿಸಿ ಬಳಕೆಗೆ ತಂದನು. ಇಂದಿಗೂ ಅದು ಅವನ ಹೆಸರನ್ನೇ ಹೊತ್ತಿದೆ. ಉಪಕರಣವೇನೋ ಉತ್ತಮವೇ, ಆದರೆ ಮರಕ್ಕಿಂತ ಹುಲ್ಲು ತರಗುಗಳೇ ಹೆಚ್ಚಾಗಿ ಉರಿಯುವ ನಮ್ಮ ಕುರುಚಲು ಕಾಡಿಗೆ ಮಚ್ಚು ಗುದ್ದಲಿಗಳ ಜೋಡಿಯೇ ಹೊಂದುವುದೆಂದು ನನ್ನ ಎಣಿಕೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಬಡಿದ ಮಚ್ಚಿಗೆ ಸಮನಾದುದು ಅಂಗಡಿಯಲ್ಲಿ ಸುಲಭವಾಗಿ ದೊರೆಯದು.

ಇಂದು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹಗಳು ಕಂಡ ಬೆಂಕಿಯ ಸುದ್ದಿಯನ್ನು ಮೊಬೈಲಿಗೇ ಮುಟ್ಟಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಹೆಕ್ಟೇರ್ ಉರಿದಾಗ ವಾಯುಸೇನೆಯ ಹೆಲಿಕಾಪ್ಟರುಗಳೇ ನೀರು ಸುರಿದುವು. ಆದರೂ ಸುದ್ದಿ ಬಂದ ಮೇಲೆ ಗುಡ್ಡ ಹತ್ತಬೇಕಾದವನು ಬೆಂಕಿ ಕಾವಲುಗಾರನೇ. ಅದೇ ಬಂಡೀಪುರದಲ್ಲಿ 2017ರಲ್ಲಿ ಅರಣ್ಯ ರಕ್ಷಕರೊಬ್ಬರು ಬೆಂಕಿ ಆರಿಸುತ್ತಲೇ ಪ್ರಾಣ ತೆತ್ತರು. ಬನ್ನೇರುಘಟ್ಟದ ಅಂಚಿನ ಬಹುಮಹಡಿಗಳಲ್ಲಿ ವಾಸಿಸುವ ವಾಚಕರು ಮಾಘ ಫಾಲ್ಗುಣಗಳಲ್ಲಿ ಗುಡ್ಡದ ಮೇಲೆ ಹೊಗೆ ಕಂಡರೆ, ಚಿತ್ರ ತೆಗೆಯುವುದಕ್ಕೆ ಮೊದಲು ಅರಣ್ಯ ಇಲಾಖೆಯ 1926 ಸಂಖ್ಯೆಗೆ ಕರೆಮಾಡಬೇಕೆಂದು ಪ್ರಾರ್ಥನೆ.