ಹೆದ್ದಾರಿಯ ವಿಚಿತ್ರ ನೋಟಗಳು

ಚನ್ನರಾಯಪಟ್ಟಣವೆಂದೊಡನೆ ಅನೇಕರು ಹಾಸನ ಜಿಲ್ಲೆಯ ಊರನ್ನು ನೆನೆಯುತ್ತಾರೆ. ನಾನು ಹೇಳುತ್ತಿರುವುದು ದೇವನಹಳ್ಳಿ ತಾಲ್ಲೂಕಿನ ಹೋಬಳಿ ಊರು. 2008ರಲ್ಲಿ ವಿಮಾನ ನಿಲ್ದಾಣವು ತೆರೆದ ಮೇಲೆ ಈ ಸೀಮೆಯ ಸುತ್ತ ಹೆದ್ದಾರಿಗಳು ಬೆಳೆದವು. ಪಶ್ಚಿಮಕ್ಕೆ ಬಳ್ಳಾರಿ ರಸ್ತೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೇಲೆ ಹೊಸಕೋಟೆಗೆ ಹೋಗುವ ವರ್ತುಲ ರಸ್ತೆಯು 2024ರಲ್ಲಿ ಉದ್ಘಾಟನೆಯಾಯಿತು. ಈ ದಾರಿಗಳಲ್ಲಿ ಮೋಟಾರಿನಲ್ಲಿ ಹೋಗುವವರು ಕೆಲವು ನೋಟಗಳನ್ನು ಕಂಡು “ಇದೇನು ವಿಚಿತ್ರ!” ಎಂದು ಮೊಬೈಲಿನಲ್ಲಿ ಚಿತ್ರ ಹಿಡಿದು ಮುಂದೆ ಸಾಗುತ್ತಾರೆ. ಅವುಗಳ ಕಾರಣವನ್ನು ಕೇಳುವವರು ಕಡಿಮೆ.

ಮೊದಲನೆಯದು ಎಲ್ಲರೂ ಕಂಡಿರುವುದೇ. ಚೈತ್ರದ ಬಿಸಿಲಿನಲ್ಲಿ ದೂರದ ಟಾರಿನ ಮೇಲೆ ನೀರು ನಿಂತಂತೆ ತೋರುತ್ತದೆ; ಸಮೀಪಿಸಿದರೆ ಮಾಯ. ನಮ್ಮ ಹಿರಿಯರು ಇದಕ್ಕೆ ಬಿಸಿಲುಗುದುರೆ ಎಂಬ ಸೊಗಸಾದ ಹೆಸರನ್ನಿಟ್ಟಿದ್ದಾರೆ. ಕಾದ ಟಾರಿಗೆ ತಾಗಿದ ಗಾಳಿ ಹಗುರಾಗುತ್ತದೆ, ಮೇಲಿನ ತಣ್ಣನೆಯ ಗಾಳಿ ಸಾಂದ್ರವಾಗಿರುತ್ತದೆ. ಆಕಾಶದಿಂದ ಓರೆಯಾಗಿ ಇಳಿಯುವ ಬೆಳಕು ಹಗುರವಾದ ಪದರಗಳಲ್ಲಿ ಬಾಗಿ, ನೆಲವನ್ನು ಮುಟ್ಟದೆ ಮೇಲಕ್ಕೆ ತಿರುಗಿ ನಮ್ಮ ಕಣ್ಣನ್ನು ಸೇರುತ್ತದೆ. ನಾವು ನೀರೆಂದು ಭಾವಿಸುವುದು ಆಕಾಶದ ತುಣುಕನ್ನು.

ವಿಮಾನವು ಗಾಳಿಯಲ್ಲಿ ನಿಂತುಬಿಟ್ಟಂತೆ ಕಾಣುವುದು ಇನ್ನೊಂದು ಸೋಜಿಗ. ವಿಮಾನವೇನೂ ನಿಲ್ಲುವುದಿಲ್ಲ. ಅದರ ಓಟವೂ ನಮ್ಮ ಕಾರಿನ ಓಟವೂ ಹೊಂದಿಕೊಂಡು, ಅದನ್ನು ನೋಡುವ ದಿಕ್ಕು ಕೊಂಚ ಹೊತ್ತು ಬದಲಾಗದಿದ್ದರೆ, ಕಣ್ಣು ಅದನ್ನು ನಿಂತಿದೆಯೆಂದೇ ತಿಳಿಯುತ್ತದೆ. ಕಾರನ್ನು ನಿಲ್ಲಿಸಿ ನೋಡಿದರೆ ಭ್ರಮೆ ಹರಿಯುತ್ತದೆ.

ದೇವರೂ ಹೆದ್ದಾರಿಯಲ್ಲಿ ಪಯಣಿಸಿದ್ದುಂಟು. 2018ರ ಕೊನೆಯಲ್ಲಿ ತಮಿಳುನಾಡಿನ ವಂದವಾಸಿಯ ಕಡೆಯಿಂದ ಹೊರಟ ವಿಷ್ಣುವಿನ ಏಕಶಿಲಾ ವಿಗ್ರಹವು ಬೆಂಗಳೂರಿನ ಈಜಿಪುರವನ್ನು ಸೇರಿದ್ದು 2019ರಲ್ಲಿ. ಮುನ್ನೂರು ಟನ್ನಿಗೂ ಮಿಕ್ಕ ತೂಕ. ಹೊತ್ತ ಲಾರಿಗೆ 240 ಚಕ್ರಗಳು. ಅಷ್ಟೇಕೆ ಎಂದರೆ, ಮುನ್ನೂರು ಟನ್ನನ್ನು 240ಕ್ಕೆ ಹಂಚಿದಾಗ ಚಕ್ರವೊಂದರ ಪಾಲಿಗೆ ಒಂದೂಕಾಲು ಟನ್ ಮಾತ್ರ ಬೀಳುತ್ತದೆ, ರಸ್ತೆ ತಾಳಿಕೊಳ್ಳುತ್ತದೆ. ಆದರೆ ಸೇತುವೆಯು ಒಟ್ಟು ಭಾರವನ್ನೂ ಹೊರಬೇಕಲ್ಲ! ಆದ್ದರಿಂದ ಹೊಳೆಯ ಪಾತ್ರದಲ್ಲಿಯೇ ಮಣ್ಣಿನ ದಾರಿ ಹಾಕಬೇಕಾಯಿತು.

ಇವೆಲ್ಲ ಅಪರೂಪದವು. ವರ್ಷ ವರ್ಷವೂ ತಪ್ಪದೆ ಕಾಣುವ, ಪಟ್ಟಣಿಗರನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೆರಗುಗೊಳಿಸುವ ನೋಟ ಬೇರೆಯಿದೆ. ಸಂಕ್ರಾಂತಿಯ ಆಚೀಚೆ ರಸ್ತೆಯ ಮೇಲೆ ಮಾರುದ್ದಕ್ಕೂ ಹುರುಳಿಯ ಗಿಡ, ರಾಗಿಯ ತೆನೆ ಹರಡಿರುತ್ತವೆ. ಬಸ್ಸು ಲಾರಿಗಳು ಅದರ ಮೇಲೆ ಹಾಯುತ್ತವೆ. ಒಂದು ಹಾದುಹೋದೊಡನೆ ಹೆಂಗಸರು ಓಡಿಬಂದು ಹುಲ್ಲನ್ನು ತಿರುವಿಹಾಕಿ ಮತ್ತೆ ಅಂಚಿಗೆ ಸರಿಯುತ್ತಾರೆ.

ರೈತರಿಗೆ ಬುದ್ಧಿಯಿಲ್ಲವೆಂದು ಕಾರಿನವರು ಬೈಯುವುದುಂಟು. ಬೈಯುವ ಮುನ್ನ ಕಣವೆಂದರೇನೆಂದು ತಿಳಿಯಬೇಕು. ಹೊಲದ ಮೂಲೆಯಲ್ಲಿ ನೆಲವನ್ನು ಕೆತ್ತಿ, ನೀರು ಚಿಮುಕಿಸಿ, ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಮೇಟಿ ನೆಟ್ಟು, ಎತ್ತುಗಳಿಂದ ಕಲ್ಲುಗುಂಡನ್ನು ಎಳೆಸಿ ಒಕ್ಕುತ್ತಿದ್ದರು. ಚಪ್ಪಲಿ ಮೆಟ್ಟಿ ಯಾರೂ ಕಣಕ್ಕೆ ಕಾಲಿಡುವಂತಿರಲಿಲ್ಲ. ಇಷ್ಟಕ್ಕೆಲ್ಲ ಬೇಕಾದವು ನಾಲ್ಕು: ಖಾಲಿ ನೆಲ, ಒಂದು ಜೊತೆ ಎತ್ತು, ಆಳು, ಬಿಡುವು. ಎತ್ತನ್ನು ಸಾಕುವ ಖರ್ಚು ತಾಳದೆ ಮಾರಿದವರೆಷ್ಟೋ. ಹುಡುಗರು ಕಂಪನಿಗಳ ಕೆಲಸಕ್ಕೆ ಹೋದರು. ನೆಲದ ಬೆಲೆ ಏರಿದಂತೆ ಊರೊಟ್ಟಿನ ಕಣಗಳ ಮೇಲೆ ಮನೆಗಳೆದ್ದವು. ಒಕ್ಕುವ ಯಂತ್ರ ಬಾಡಿಗೆಗೆ ಸಿಗುತ್ತದೆ, ನಿಜ. ಅರ್ಧ ಎಕರೆಯ ಹುರುಳಿಗೆ ಆ ಬಾಡಿಗೆ ಗಿಟ್ಟದು. ಉಳಿದದ್ದು ಸರ್ಕಾರವೇ ಹಾಸಿಕೊಟ್ಟ, ಬಿಸಿಲು ಬೀಳುವ, ಗಟ್ಟಿಯಾದ ಟಾರು ರಸ್ತೆ. ಗುಂಡೆಳೆಯುವ ಕೆಲಸ ಪರರ ಚಕ್ರಗಳದು, ಅದೂ ಪುಕ್ಕಟೆ!

ಒಮ್ಮೆ ರಸ್ತೆಯಲ್ಲಿ ರಾಗಿ ತೂರುತ್ತಿದ್ದ ಅಜ್ಜಿಯೊಬ್ಬರನ್ನು “ಕಣದಲ್ಲಿ ಚಪ್ಪಲಿ ಹಾಕ್ಕೊಂಡಿದ್ದೀರಲ್ಲ, ಅಜ್ಜಿ?” ಎಂದು ಕೇಳಿದೆ. “ಇದ್ಯಾವ ಕಣ ಬಿಡಪ್ಪ, ರೋಡು. ರಾಶಿ ಪೂಜೆ ಮನೇಗೆ ತಂದ್ಮೇಲೆ ಮಾಡ್ತೀವಿ” ಎಂದರು.

ಆದರೂ ಇದು ಅಪಾಯದ ಒಕ್ಕಣೆಯೆಂಬುದರಲ್ಲಿ ಸಂಶಯವಿಲ್ಲ. ನುಣುಪಾದ ಹುಲ್ಲಿನ ಮೇಲೆ ದ್ವಿಚಕ್ರ ವಾಹನಗಳು ಜಾರುತ್ತವೆ. ಹುರುಳಿಯ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ, ಕಾರೇ ಹೊತ್ತಿ ಉರಿದ ಪ್ರಸಂಗಗಳು ರಾಜ್ಯದಲ್ಲಿ ನಡೆದಿವೆ. ತಿರುವಿಹಾಕಲು ಓಡುವ ಹೆಂಗಸರ ಪ್ರಾಣವಂತೂ ಪ್ರತಿ ಲಾರಿಯ ಬ್ರೇಕನ್ನು ನಂಬಿಕೊಂಡಿರುತ್ತದೆ. ಕಾಳಿಗೆ ಕಲ್ಲು, ಎಣ್ಣೆ ಬೆರೆಯುವುದು ಬೇರೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳನ್ನು ನಿಷೇಧಿಸಿದರು. ವೇಗಕ್ಕೆ ಅದು ಒಳ್ಳೆಯದೇ. ಆದರೆ ನಿಷೇಧದಿಂದ ಕಣ ಹುಟ್ಟುವುದಿಲ್ಲ. ನಮ್ಮ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನಪಡಿಸಿಕೊಳ್ಳಲು ಹೊರಟಾಗ ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರವು ಅದನ್ನು ಕೈಬಿಡುವುದಾಗಿ ಘೋಷಿಸಿತು. ಹೊಲವೇನೋ ಉಳಿಯಿತು, ಅದರ ಪೈರನ್ನು ಒಕ್ಕಲು ಊರಿಗೊಂದು ಸಿಮೆಂಟಿನ ಕಣವಾದರೆ ಹೆಂಗಸರು ರಸ್ತೆಗೆ ಇಳಿಯಬೇಕಾಗಿಲ್ಲ. ಉದ್ಯೋಗ ಖಾತ್ರಿಯ ಹಣದಿಂದ ಕೆಲವು ಪಂಚಾಯಿತಿಗಳು ಅಂಥ ಕಣಗಳನ್ನು ಕಟ್ಟಿಸಿದ್ದೂ ಉಂಟು.

ಅಲ್ಲಿಯವರೆಗೆ, ಜನವರಿಯಲ್ಲಿ ನಮ್ಮ ಕಡೆ ಬರುವ ಸಹಪಾಠಿಗಳು ಹುರುಳಿಯನ್ನು ಕಂಡರೆ ವೇಗ ಇಳಿಸಲಿ, ಅದರ ಮೇಲೆ ಗಕ್ಕನೆ ಬ್ರೇಕು ಹಾಕದಿರಲಿ. ದಾಟಿದ ಮೇಲೆ ಕಾರನ್ನು ಅಂಚಿಗೆ ನಿಲ್ಲಿಸಿ, ಅಡಿಯಲ್ಲಿ ಬಳ್ಳಿ ಸಿಕ್ಕಿದೆಯೇ ಎಂದು ಬಗ್ಗಿ ನೋಡಲಿ. ಸಿಕ್ಕಿದ್ದರೆ ಪಕ್ಕದಲ್ಲಿರುವ ರೈತರೇ ಕುಡುಗೋಲು ತಂದು ಬಿಡಿಸಿಕೊಡುತ್ತಾರೆ.