ಅಜ್ಜನಿಗೊಂದು, ಮೊಮ್ಮಗಳಿಗೊಂದು ಒಗಟು

ಶಿಗ್ಗಾಂವಿಯಿಂದ ಸವಣೂರಿಗೆ ಹೊರಟ ಬಸ್ಸು. ಕಿಟಕಿಗಳೆಲ್ಲ ಮುಚ್ಚಿವೆ. ಮೊಮ್ಮಗಳ ಕೈಯ ದಾರದ ತುದಿಗೆ ಜಾತ್ರೆಯ ಗ್ಯಾಸ್ ಬಲೂನು ಮೇಲೆದ್ದು ನಿಂತಿದೆ. ಎಮ್ಮೆ ಅಡ್ಡ ಬಂತು, ಡ್ರೈವರು ಗಕ್ಕನೆ ಬ್ರೇಕ್ ಹಾಕಿದ. ಅಜ್ಜ ಮುಂದಕ್ಕೆ ಮುಗ್ಗರಿಸಿದರು. ಮಕ್ಕಳೇ, ಬಲೂನು ಎತ್ತ ವಾಲಿತು?

ಹಿಂದಕ್ಕೆ! ಬಸ್ಸಿನೊಳಗಿನ ಗಾಳಿಯೂ ನಮ್ಮಂತೆಯೇ ಮುಂದಕ್ಕೆ ನುಗ್ಗುತ್ತದೆ. ಬಲೂನು ಗಾಳಿಗಿಂತ ಹಗುರ. ಹಿಂದೆ ಸರಿಯದೆ ಅದಕ್ಕೆ ಗತಿಯಿಲ್ಲ.

ಎರಡನೆಯದು ಹಿರಿಯರನ್ನೂ ಬೀಳಿಸುವಂಥದ್ದು. ಹಾನಗಲ್ಲಿನ ಆನೆಕೆರೆಯಲ್ಲಿ ದೋಣಿಯೊಂದು ತೇಲುತ್ತಿದೆ ಎಂದುಕೊಳ್ಳಿ. ಅದರಲ್ಲಿ 5 ಕಿಲೋ ತೂಕದ ಕಲ್ಲಿದೆ. ಅದನ್ನೆತ್ತಿ ಕೆರೆಗೆ ಹಾಕಿದರೆ ನೀರಿನ ಮಟ್ಟ ಏರುತ್ತದೋ, ಇಳಿಯುತ್ತದೋ? 'ಕಲ್ಲು ಬಿದ್ದರೆ ನೀರು ಏರದೆ ಇರುತ್ತದೆಯೇ?' ಎನ್ನುವವರೇ ಹೆಚ್ಚು.

ಇಳಿಯುತ್ತದೆ. ಜಮಾ-ಖರ್ಚು ಬರೆದು ನೋಡಿ. ದೋಣಿಯಲ್ಲಿದ್ದಾಗ ಕಲ್ಲು ತನ್ನ ತೂಕದಷ್ಟು ನೀರನ್ನು, ಎಂದರೆ 5 ಲೀಟರ್, ಪಕ್ಕಕ್ಕೆ ಸರಿಸಿತ್ತು. ಮುಳುಗಿದ ಮೇಲೆ ಸರಿಸುವುದು ತನ್ನ ಗಾತ್ರದಷ್ಟನ್ನು ಮಾತ್ರ. ಸಾಮಾನ್ಯ ಕಲ್ಲು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಆದ್ದರಿಂದ ಅದು 2 ಲೀಟರ್. ಉಳಿದ 3 ಲೀಟರಿನಷ್ಟು ಜಾಗ ತೆರವಾಯಿತು, ನೀರು ಇಳಿಯಿತು. ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಆರ್ಕಿಮಿಡೀಸ್ ಕಂಡುಕೊಂಡ ಲೆಕ್ಕವಿದು.

ಅಷ್ಟು ದೊಡ್ಡ ಕೆರೆಯಲ್ಲಿ 3 ಲೀಟರ್ ಯಾರ ಕಣ್ಣಿಗೂ ಕಾಣದು. ಬಕೀಟಿನಲ್ಲಿ ಸ್ಟೀಲ್ ಬೋಗುಣಿ ತೇಲಿಸಿ, ಅದರಲ್ಲಿ ಕಲ್ಲಿಟ್ಟು, ನೀರಿನ ಮಟ್ಟಕ್ಕೆ ಗೆರೆ ಹಾಕಿ. ಆಮೇಲೆ ಕಲ್ಲನ್ನು ನೀರಿಗೆ ಬಿಡಿ. ಅಜ್ಜ ಒಪ್ಪದಿದ್ದರೆ ವಾದ ಬೇಡ, ಗೆರೆ ತೋರಿಸಿ.

ಈಗ ಅಜ್ಜ ಕೇಳಲಿ: ಕಲ್ಲಿನ ಬದಲು ತೇಲುವ ಕಟ್ಟಿಗೆಯ ತುಂಡು ಹಾಕಿದರೆ?